ಸಾಹುಕಾರರ ಮೈನಸ್ ವಹಿವಾಟು

ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಗೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೆ. ಮೆಕ್ಕೆಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಸಾಹುಕಾರರ ಫೋನ್ ಬಂತು. "ಏನು ತಮ್ಮಾ, ಇಷ್ಟು ದಿನ ವ್ಯಾಪಾರ ಮಾಡಿ ಕೊನೆಗೆ ನಾನೇ ಸಾಲಗಾರನಾದೆನೇ?"

ಹೋಗಿ ನೋಡಿದರೆ ಒಟ್ಟು ವಹಿವಾಟಿನ ಜಾಗದಲ್ಲಿ ಮೈನಸ್ 1 ಕೋಟಿ 79 ಲಕ್ಷ ಚಿಲ್ಲರೆ. ಪಕ್ಕದಲ್ಲೇ ಗುಮಾಸ್ತರ ಕೈಬರಹದ ಖಾತೆ ಪುಸ್ತಕ ತೆರೆದಿತ್ತು. ಅದರಲ್ಲಿ ಎರಡೂವರೆ ಕೋಟಿ. ಅವರು ಏನೂ ಹೇಳಲಿಲ್ಲ, ಕನ್ನಡಕ ಒರೆಸಿಕೊಂಡರು.

ತಪ್ಪು ನನ್ನದೇ. ದಶಮಾಂಶದ ತಾಪತ್ರಯ ಬೇಡವೆಂದು ಹಣವನ್ನು ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಟ್ಟಿದ್ದೆ. ಅದೇನೋ ಸರಿ. ಲೆಕ್ಕ ಕೂಡಿಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂ ಇಂಟ್, ಅಂದರೆ ಪೂರ್ಣಾಂಕ ಹಿಡಿಯುವ ಪ್ರಕಾರ; ಪ್ರೋಗ್ರಾಮ್ ಬರೆದ ಜಾವಾ ಭಾಷೆಯಲ್ಲೂ ಇಂಟ್. ಎರಡಕ್ಕೂ ನಾಲ್ಕು ಬೈಟ್, ಎರಡರ ಗರಿಷ್ಠ ಮಿತಿಯೂ 214 ಕೋಟಿ 74 ಲಕ್ಷ 83 ಸಾವಿರದ 647. ಕೇಳುವುದಕ್ಕೆ ದೊಡ್ಡದು, ಪೈಸೆಯನ್ನು ರೂಪಾಯಿ ಮಾಡಿದರೆ ಬರೀ 2 ಕೋಟಿ 14 ಲಕ್ಷ ಚಿಲ್ಲರೆ. ಒಂದೊಂದು ಚೀಟಿಯ ಮೊತ್ತ ಅದರಲ್ಲಿ ಆರಾಮವಾಗಿ ಹಿಡಿಯುತ್ತದೆ. ಸುಗ್ಗಿಯ ಚೀಟಿಗಳನ್ನೆಲ್ಲ ಅದೇ ಇಂಟ್‌ನಲ್ಲಿ ಕೂಡಿಸುತ್ತಾ ಹೋದದ್ದು ಪಾವಿಗೆ ಖಂಡುಗ ಸುರಿದ ಹಾಗಾಯಿತು. ಸುರಿದದ್ದು ಚೆಲ್ಲಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು. ಜಾವಾ ಮಾತ್ರ ಮಿತಿ ದಾಟಿದರೂ ತುಟಿ ಬಿಚ್ಚದೆ ಮೈನಸ್‌ನ ತುದಿಗೆ ಹೊರಳಿಕೊಳ್ಳುತ್ತದೆ. ಕೂಡುವ ಕೆಲಸವನ್ನು ಡೇಟಾಬೇಸಿನ ಮೊತ್ತದ ಆಜ್ಞೆಯಾದ ಸಮ್‌ಗೇ ಬಿಟ್ಟು, ಬಂದ ಉತ್ತರವನ್ನು ಜಾವಾದ ಎಂಟು ಬೈಟಿನ ಲಾಂಗ್‌ನಲ್ಲಿ ಹಿಡಿದಿದ್ದರೆ ಈ ಮರ್ಯಾದೆ ಉಳಿಯುತ್ತಿತ್ತು.

ಎರಡೂ ಕಡೆ ಇಂಟ್ ಎಂಬ ಹೆಸರು ಒಂದೇ, ಹಾಗಾಗಿ ಅಳತೆಯೂ ಯಾವಾಗಲೂ ಒಂದೇ ಎಂದು ನಂಬುವುದೇ ನಮ್ಮವರ ರೋಗ. ಚೀಟಿ ಸಂಖ್ಯೆ ಮೈನಸ್ ಆಗುವುದಿಲ್ಲವಲ್ಲ ಎಂದು ಕಾಲಂಗೆ ಅನ್‌ಸೈನ್ಡ್, ಅಂದರೆ ಮೈನಸ್ ಬೇಡ ಎಂಬ ಗುರುತು ಹಚ್ಚುತ್ತೇವೆ. ಆಗ ಅದರ ಮಿತಿ 429 ಕೋಟಿಗೆ ಏರುತ್ತದೆ. ಜಾವಾದಲ್ಲಿ ಅನ್‌ಸೈನ್ಡ್ ಇಂಟ್ ಎಂಬ ಪ್ರಕಾರವೇ ಇಲ್ಲ, ಅದನ್ನು ಲಾಂಗ್‌ನಲ್ಲೇ ಹಿಡಿಯಬೇಕು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಈ ಅನ್‌ಸೈನ್ಡ್ ಗೋಜಿಗೇ ಹೋಗಿಲ್ಲ, ಜಾಣತನ.

ಹಣದ ಕಾಲಂ ಎಂಟು ಬೈಟಿನ ಬಿಗ್‌ಇಂಟ್ ಇರಲಿ, ಪ್ರೋಗ್ರಾಮಿನಲ್ಲಿ ಲಾಂಗ್ ಇರಲಿ ಎಂದರೆ "ಜಾಗ ದಂಡ" ಎನ್ನುವವರಿದ್ದಾರೆ. ಚೀಟಿಗೆ ಹೆಚ್ಚುವರಿ ನಾಲ್ಕು ಬೈಟ್. ಹತ್ತು ಲಕ್ಷ ಚೀಟಿಗೆ ನಾಲ್ಕು ಎಂಬಿ. ಸಾಹುಕಾರರ ಮೊಬೈಲಿಗೆ ಬೆಳಿಗ್ಗೆ ಬೀಳುವ ಶುಭೋದಯದ ವಿಡಿಯೊಗಳೇ ಅದಕ್ಕಿಂತ ಹೆಚ್ಚು ತೂಗುತ್ತವೆ.

ಎಲ್ಲ ಸರಿಪಡಿಸಿ ಹೊರಡುವಾಗ ಗುಮಾಸ್ತರು ಪರದೆಯ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ತೂಕ ಸೊನ್ನೆ ಎಂದಿದೆಯಲ್ಲ, ತೂಕ ಆಗಿಲ್ಲವೆಂದೋ, ಚೀಲದಲ್ಲಿ ಜೋಳವೇ ಇಲ್ಲವೆಂದೋ?" ಡೇಟಾಬೇಸಿನಲ್ಲಿ ಅದು ನಲ್, ಅಂದರೆ ಇನ್ನೂ ಏನೂ ಬರೆದಿಲ್ಲ. ಡೇಟಾಬೇಸಿನಿಂದ ಅಂಕಿ ಓದಿಕೊಡುವ ಜಾವಾದ ಗೆಟ್‌ಇಂಟ್ ಅದನ್ನು ಸೊನ್ನೆ ಮಾಡಿ ಕೈಗಿಡುತ್ತದೆ. ಮತ್ತೆ ಚೀಲ ಕೆಳಗಿಟ್ಟು ಕುಳಿತೆ.