ಕಾರಿನ ಸ್ಟೀರಿಂಗ್ ವೀಲ್ ಬದಲಿಸಲು ಕಾನೂನು ಬಿಡಬೇಕೇ?

ಸೀಟ್ ಕವರ್ ಬದಲಿಸಿದರೆ ಯಾರೂ ಕೇಳುವುದಿಲ್ಲ. ಮ್ಯೂಸಿಕ್ ಸಿಸ್ಟಮ್ ಬದಲಿಸಿದರೂ ಕೇಳುವುದಿಲ್ಲ. ಸ್ಟೀರಿಂಗ್ ವೀಲ್‌ಗೆ ಕೈ ಹಾಕಿದರೆ ಮಾತ್ರ ಕಾನೂನು ಎದುರು ಬಂದು ನಿಲ್ಲುತ್ತದೆ. ಎಷ್ಟರ ಮಟ್ಟಿಗೆ ನಿಲ್ಲಬೇಕು ಅನ್ನುವುದರಲ್ಲಿ ದೇಶ ದೇಶಕ್ಕೂ ಒಂದೊಂದು ನಿಲುವು. ಕಂಪನಿ ಕೊಟ್ಟ ವೀಲ್ ಅನ್ನೇ ಕೊನೆಯವರೆಗೂ ಇಟ್ಟುಕೊಳ್ಳಬೇಕೇ? ಬೇರೆಯದನ್ನು ಹಾಕಿಸಿಕೊಳ್ಳಲು ಒಂದು ನೇರ ದಾರಿ ಇರಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ದಾರಿ ಮುಚ್ಚಬೇಡಿ, ಪರೀಕ್ಷೆ ಮಾಡಿ

ಸ್ಟೀರಿಂಗ್ ವೀಲ್ ಕೂಡ ಹಾಳಾಗುತ್ತದೆ. ಬಿಸಿಲಲ್ಲೇ ನಿಲ್ಲುವ ಕಾರಿನಲ್ಲಿ ರಿಮ್ ಮೇಲಿನ ಚರ್ಮ ಸುಲಿಯುತ್ತದೆ, ಫೋಮ್ ಅಂಟಂಟಾಗುತ್ತದೆ. ಹಳೆ ಕಾರುಗಳ ಗಟ್ಟಿ ಪ್ಲಾಸ್ಟಿಕ್ ರಿಮ್ ಸೀಳು ಬಿಡುತ್ತದೆ. ಮೂವತ್ತು ವರ್ಷ ಹಳೆಯ ಕಾರಿಗೆ ಕಂಪನಿಯ ಹೊಸ ವೀಲ್ ಎಲ್ಲಿಂದ ತರುವುದು? ಬೇರೆಯದನ್ನು ಹಾಕಲೇಬಾರದು ಅಂದರೆ ಸೀಳು ಬಿಟ್ಟ ವೀಲ್ ಹಿಡಿದುಕೊಂಡೇ ಓಡಿಸು ಅಂದಂತಾಯಿತು. ಅದರಿಂದ ಯಾರ ಸುರಕ್ಷತೆಯೂ ಹೆಚ್ಚುವುದಿಲ್ಲ.

ಏರ್‌ಬ್ಯಾಗ್ ಬರುವ ಮುಂಚಿನ ಕಾರುಗಳಲ್ಲಿ ಈ ಕೆಲಸ ತೀರಾ ಸರಳ. ಸ್ಟೀರಿಂಗ್ ಶಾಫ್ಟಿನ ತುದಿಯಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ವೀಲ್ ಅದರ ಮೇಲೆ ಕೂತಿರುತ್ತದೆ, ನಡುವೆ ಒಂದು ದೊಡ್ಡ ನಟ್. ತಿಳಿದ ಮೆಕ್ಯಾನಿಕ್ ಮೊದಲು ಚಕ್ರಗಳನ್ನು ನೇರ ಮಾಡಿಕೊಳ್ಳುತ್ತಾನೆ. ಶಾಫ್ಟ್ ಮೇಲೂ ವೀಲ್ ಮೇಲೂ ಸೇರಿಸಿ ಒಂದು ಗೆರೆ ಎಳೆಯುತ್ತಾನೆ. ನಟ್ ಬಿಚ್ಚಿ, ಪುಲ್ಲರ್ ಹಾಕಿ ವೀಲ್ ಎಳೆಯುತ್ತಾನೆ. ಆ ಕಾರಿನ ಹಲ್ಲಿಗೆ ಸರಿಹೊಂದುವ ಬಾಸ್ ಕಿಟ್ (ಶಾಫ್ಟಿಗೂ ಹೊಸ ವೀಲ್‌ಗೂ ನಡುವೆ ಕೂರುವ ಜೋಡಣೆ ಭಾಗ) ಕೂರಿಸಿ, ಅದರ ಮೇಲೆ ಹೊಸ ವೀಲ್ ಬಿಗಿದು, ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಹೇಳಿದ ಲೆಕ್ಕಕ್ಕೆ ತಿರುಗಿಸುತ್ತಾನೆ. ಸ್ಟೀರಿಂಗ್ ವೀಲ್ ಮಾಡುವ ಮೊಮೊ, ನಾರ್ಡಿಯಂಥ ಹೆಸರುಗಳು ಬೆಳೆದದ್ದೇ ಇಂಥ ವೀಲ್‌ಗಳಿಂದ. ದಶಕಗಳಿಂದ ನಡೆದುಬಂದ ಈ ಕೆಲಸವನ್ನು ಅಪರಾಧ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕೈ ಪೂರ್ತಿ ಚಾಚಲಾಗದವರು, ಭುಜ ಸಲೀಸಾಗಿ ತಿರುಗದವರು, ವೀಲ್‌ಚೇರ್‌ನಲ್ಲೇ ಕೂತು ಓಡಿಸುವವರು ಇದ್ದಾರೆ. ಅವರ ಮೊಣಕಾಲಿಗೆ ಮಾಮೂಲಿ ವೀಲ್ ತಾಗಬಹುದು, ಇಲ್ಲವೇ ಅದರ ಮೇಲಂಚು ಕೈಗೆ ಎಟುಕದೇ ಇರಬಹುದು. ಅವರಿಗೆ ಸಣ್ಣ ವೀಲ್ ಬೇಕು, ಹಗುರವಾಗಿ ತಿರುಗುವ ಪವರ್ ಸ್ಟೀರಿಂಗ್ ಬೇಕು. ಅದು ಸಿಕ್ಕರೆ ಸ್ವತಃ ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ, ಸಿಗದಿದ್ದರೆ ಇನ್ನೊಬ್ಬರಿಗಾಗಿ ಕಾಯುತ್ತಾರೆ. ಅಮೆರಿಕದ ನಿಯಮಗಳಲ್ಲಿ ಇಂಥವರಿಗಾಗಿ ಕಾರು ಮಾರ್ಪಡಿಸುವವರಿಗೆ ಪ್ರತ್ಯೇಕ ವಿನಾಯಿತಿ ಇದೆ. ಸ್ಟೀರಿಂಗ್‌ಗೆ ಸೇರಿದ ಕೆಲವು ಸುರಕ್ಷತಾ ನಿಯಮಗಳೂ ಅದರೊಳಗೆ ಬರುತ್ತವೆ. ಅಲ್ಲಿ ಸಾಧ್ಯವಾದದ್ದು ಬೇರೆ ಕಡೆ ಯಾಕೆ ಆಗಬಾರದು?

ಎಲ್ಲರಿಗೂ ಬೇಕಾಬಿಟ್ಟಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಜರ್ಮನಿಯ ಕ್ರಮ ನೋಡಿ. ಅಲ್ಲಿ ವೀಲ್ ತಯಾರಿಸುವವರೇ ಅದನ್ನು ಮೊದಲು ಪರೀಕ್ಷೆಗೆ ಕೊಟ್ಟು ಎಬಿಇ ಎಂಬ ಪರವಾನಗಿ ಪಡೆಯಬಹುದು. ಯಾವ ಕಾರಿಗೆ, ಯಾವ ಷರತ್ತಿನ ಮೇಲೆ ಹಾಕಬಹುದು ಅನ್ನುವುದು ಆ ಕಾಗದದಲ್ಲೇ ಇರುತ್ತದೆ. ಆ ಪರವಾನಗಿ ಇಲ್ಲದ ವೀಲ್ ಆದರೆ ಟ್ಯೂಫ್‌ನಂಥ ವಾಹನ ತಪಾಸಣೆ ಸಂಸ್ಥೆಗೆ ಕಾರು ಒಯ್ದು, ತೋರಿಸಿ, ಕಾರಿನ ದಾಖಲೆಯಲ್ಲಿ ಬರೆಸಬೇಕು. ಇದ್ಯಾವುದನ್ನೂ ಮಾಡದೆ ಅಪಾಯಕಾರಿ ಬದಲಾವಣೆ ಮಾಡಿಕೊಂಡರೆ ಕಾರು ರಸ್ತೆಗಿಳಿಯುವ ಅನುಮತಿಯೇ ಬಿದ್ದುಹೋಗುತ್ತದೆ. ನಿಯಮ ಕಟ್ಟುನಿಟ್ಟಾಗಿದೆ, ಆದರೆ ದಾರಿ ಇದೆ. ಏನು ಮಾಡಿದರೆ ಸರಿ ಅನ್ನುವುದು ಮಾಲೀಕನಿಗೂ ಗೊತ್ತು, ಪೊಲೀಸರಿಗೂ ಗೊತ್ತು.

ಭಾರತದಲ್ಲಿ ಈ ಸ್ಪಷ್ಟತೆ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು. ಆರ್‌ಸಿ ತೆಗೆದು ನೋಡಿ. ಎಂಜಿನ್ ನಂಬರ್ ಇದೆ, ಚಾಸಿ ನಂಬರ್ ಇದೆ, ಬಣ್ಣ, ಇಂಧನ, ಸೀಟುಗಳ ಲೆಕ್ಕ ಇದೆ. ಸ್ಟೀರಿಂಗ್ ವೀಲ್ ಬಗ್ಗೆ ಒಂದಕ್ಷರ ಇಲ್ಲ. ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಮಾರ್ಪಾಡನ್ನು ಮಾತ್ರ ಈ ಸೆಕ್ಷನ್ ಬದಲಾವಣೆ ಎನ್ನುತ್ತದೆ. ಹಾಗಾದರೆ ಸೀಳಿದ ವೀಲ್ ತೆಗೆದು ಬೇರೆ ಹಾಕಿದವನು ತಪ್ಪು ಮಾಡಿದನೇ, ಇಲ್ಲವೇ? ಕಾನೂನಿನ ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರ ಸಿಗದಿದ್ದರೆ ತೀರ್ಮಾನ ರಸ್ತೆ ಬದಿಯಲ್ಲಿ ಆಗುತ್ತದೆ. ಅದು ಯಾರಿಗೂ ಒಳ್ಳೆಯದಲ್ಲ.

ಕಂಪನಿ ಹಾಕಿದ್ದೆಲ್ಲ ಗಟ್ಟಿ, ಹೊರಗಿನದೆಲ್ಲ ಕಳಪೆ ಅನ್ನುವ ನಂಬಿಕೆಯೂ ಪೂರ್ತಿ ನಿಜವಲ್ಲ. 2018ರಲ್ಲಿ ಫೋರ್ಡ್ ತನ್ನ ಫ್ಯೂಷನ್ ಮತ್ತು ಲಿಂಕನ್ ಎಂಕೆಝಡ್ ಕಾರುಗಳನ್ನು ಸರಿಮಾಡಿಕೊಡಲು ವಾಪಸ್ ಕರೆಸಿತು (ರಿಕಾಲ್). ಒಟ್ಟು ಸುಮಾರು 14 ಲಕ್ಷ ಕಾರುಗಳು. ಕಾರಣ ಏನು ಗೊತ್ತಾ? ವೀಲ್ ಹಿಡಿದಿಡುವ ಬೋಲ್ಟ್ ಸಡಿಲಾಗಿ, ಓಡುತ್ತಿರುವಾಗಲೇ ವೀಲ್ ಕೈಗೆ ಬರುವ ಸಾಧ್ಯತೆ. ಬೋಲ್ಟ್ ಸರಿಯಾಗಿ ಬಿಗಿದಿದೆಯೇ ಅನ್ನುವುದು ಮುಖ್ಯ. ಆ ಪರೀಕ್ಷೆಗೆ ಒಂದು ಕ್ರಮ ಮಾಡಿ. ವೀಲ್‌ಗೆ ಪ್ರಮಾಣಪತ್ರ, ಹಾಕಿದವರ ಸಹಿ, ಆರ್‌ಸಿಯಲ್ಲಿ ಒಂದು ಸಾಲು. ಮೂಲದಲ್ಲಿ ಏರ್‌ಬ್ಯಾಗ್ ಇದ್ದ ಕಾರಿಗೆ ಹೊಸ ವೀಲ್‌ನಲ್ಲೂ ಏರ್‌ಬ್ಯಾಗ್ ಇರಲೇಬೇಕು ಅನ್ನಿ, ಅದಕ್ಕೆ ನನ್ನ ಒಪ್ಪಿಗೆ ಇದೆ. ಅದೇ ಮಾಡೆಲ್‌ನ ಮೇಲಿನ ವೇರಿಯಂಟಿನಲ್ಲಿ ಬರುವ, ಬಟನ್ ಇರುವ ವೀಲ್ ಅನ್ನು ಕೆಳಗಿನ ವೇರಿಯಂಟಿಗೆ ಹಾಕಿಸಿಕೊಳ್ಳುವವರು ಎಷ್ಟೊಂದು ಜನ ಇದ್ದಾರೆ. ಇವತ್ತು ಅವರೆಲ್ಲ ಕದ್ದುಮುಚ್ಚಿ ಮಾಡಿಸಿಕೊಳ್ಳುತ್ತಾರೆ. ಯಾರೂ ಪರೀಕ್ಷಿಸದ ಆ ಕೆಲಸಕ್ಕಿಂತ ಬಹಿರಂಗವಾಗಿ ಮಾಡಿಸಿ, ತೋರಿಸಿ, ಬರೆಸಿಕೊಳ್ಳುವುದು ಮೇಲಲ್ವಾ?

ವಿರೋಧ: ಪರೀಕ್ಷಿಸಲಾಗದ್ದಕ್ಕೆ ಪರವಾನಗಿ ಬೇಡ

ಎರಡು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಂಗವೈಕಲ್ಯ ಇರುವವರಿಗೆ ವಿನಾಯಿತಿ ಇರಲಿ, ಅದಕ್ಕೆ ತಕರಾರಿಲ್ಲ. ಮೂಲದಲ್ಲೇ ಏರ್‌ಬ್ಯಾಗ್ ಇಲ್ಲದ ಹಳೆಯ ಕಾರುಗಳಿಗೆ ಒಳ್ಳೆಯ ವೀಲ್, ಒಳ್ಳೆಯ ಬಾಸ್ ಕಿಟ್ ಹಾಕುವುದರ ಬಗ್ಗೆಯೂ ನನಗೆ ಹೆಚ್ಚು ಜಗಳವಿಲ್ಲ. ಆದರೆ ಇವತ್ತು ರಸ್ತೆಯಲ್ಲಿ ಓಡುವ ಹೆಚ್ಚಿನ ಕಾರುಗಳು ಅಂಥವಲ್ಲ. ಅಮೆರಿಕದಲ್ಲಿ 1998ರ ಮಾಡೆಲ್‌ನಿಂದ ಎಲ್ಲ ಕಾರುಗಳಿಗೂ ಮುಂದಿನ ಏರ್‌ಬ್ಯಾಗ್ ಕಡ್ಡಾಯ. ಭಾರತದಲ್ಲಿ 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ವಾದ ನಡೆಯಬೇಕಾದದ್ದು ಈ ಕಾರುಗಳ ಬಗ್ಗೆ.

ಇಂಥ ಕಾರಿನ ವೀಲ್ ಬಿಚ್ಚಿದರೆ ಒಳಗೆ ಏನು ಕಾಣುತ್ತದೆ? ಮೊದಲು ಏರ್‌ಬ್ಯಾಗ್ ಪೊಟ್ಟಣ, ಅದಕ್ಕೆ ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರ್. ಒಳಗಿರುವುದು ಸಿಡಿಯುವ ವಸ್ತು, ಆದ್ದರಿಂದಲೇ ಬ್ಯಾಟರಿ ತೆಗೆದು, ಕೆಲವು ನಿಮಿಷ ಕಾದು, ಆಮೇಲೆ ಮುಟ್ಟಬೇಕು. ಏರ್‌ಬ್ಯಾಗಿನ ಕಂಪ್ಯೂಟರ್ ಬ್ಯಾಟರಿ ಹೋದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ. ವೀಲ್ ಹಿಂದೆ ಕ್ಲಾಕ್ ಸ್ಪ್ರಿಂಗ್ ಇದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಸುರುಳಿ ಸುತ್ತಿದ ಚಪ್ಪಟೆ ತಂತಿ ಅದು. ವೀಲ್ ಎಷ್ಟು ತಿರುಗಿದರೂ ಏರ್‌ಬ್ಯಾಗಿಗೂ ಹಾರ್ನಿಗೂ ಸಂಪರ್ಕ ಕಡಿಯದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಸುರುಳಿಯ ನಡುಮಧ್ಯ ಸರಿಯಾಗಿ ಕೂರಿಸದಿದ್ದರೆ ಪೂರ್ತಿ ತಿರುಗಿಸಿದ ದಿನ ತಂತಿ ಕಿತ್ತುಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ವೀಲ್ ಎಷ್ಟು ಡಿಗ್ರಿ ತಿರುಗಿದೆ ಎಂದು ಅಳೆಯುವ ಸೆನ್ಸರ್ ಕೂಡ ಅಲ್ಲೇ ಇರುತ್ತದೆ. ಕಾರು ಜಾರದಂತೆ ತಡೆಯುವ ಇಎಸ್‌ಸಿ ನಂಬುವುದು ಅದನ್ನೇ. ಹೊಸ ಕಾರುಗಳಲ್ಲಿ ಚಾಲಕನ ಕೈ ವೀಲ್ ಮೇಲಿದೆಯೇ ಎಂದು ತಿಳಿಯುವ ಸೆನ್ಸರ್ ರಿಮ್ ಒಳಗೇ ಬಂದಿದೆ.

ಇದಕ್ಕೆ ಪರೀಕ್ಷೆ ಮಾಡಿ ಪರವಾನಗಿ ಕೊಡಿ ಅನ್ನುತ್ತಾರೆ. ಹೇಗೆ ಪರೀಕ್ಷಿಸುವುದು? ಏರ್‌ಬ್ಯಾಗ್ ಸರಿಯಾಗಿ ಉಬ್ಬುತ್ತದೆಯೇ ಎಂದು ನೋಡಬೇಕಾದರೆ ಅದನ್ನು ಉಬ್ಬಿಸಿಯೇ ನೋಡಬೇಕು. ಒಮ್ಮೆ ಉಬ್ಬಿದ್ದು ಮತ್ತೆ ಬಳಕೆಗೆ ಬಾರದು. ಡಿಕ್ಕಿ ಸಂಭವಿಸಿದಾಗ ಅದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕೂ ಮುಂಚೆ ಉಬ್ಬಿ ನಿಲ್ಲಬೇಕು. ಯಾವ ಡಿಕ್ಕಿಗೆ, ಯಾವ ಕ್ಷಣಕ್ಕೆ ಸಿಡಿಯಬೇಕು ಅನ್ನುವ ಲೆಕ್ಕವನ್ನು ಆ ಕಾರಿನ ಮೂತಿ, ಸೀಟು, ಬೆಲ್ಟು, ಸ್ಟೀರಿಂಗ್ ಕಂಬದ ಉದ್ದ ಎಲ್ಲ ನೋಡಿ, ಕಾರುಗಳನ್ನು ಗೋಡೆಗೆ ಗುದ್ದಿಸಿ ಗುದ್ದಿಸಿ ಹಾಕಿರುತ್ತಾರೆ. ತಪಾಸಣೆ ಕೇಂದ್ರದ ಎಂಜಿನಿಯರ್ ನಿಮ್ಮ ಒಂದು ಕಾರನ್ನು ಗುದ್ದಿಸಿ ನೋಡಲು ಆಗುವುದಿಲ್ಲ. ಅವರು ವೀಲ್ ಅಲುಗಾಡಿಸಿ ನೋಡಬಹುದು, ಡ್ಯಾಶ್‌ಬೋರ್ಡಿನ ದೀಪ ನೋಡಬಹುದು, ಕಾಗದ ನೋಡಬಹುದು. ಅಷ್ಟೇ.

ಆ ದೀಪವನ್ನೂ ನಂಬುವ ಹಾಗಿಲ್ಲ. ಏರ್‌ಬ್ಯಾಗ್ ಇಲ್ಲದ ವೀಲ್ ಹಾಕಿ, ಆ ತಂತಿಗೆ ಒಂದು ಸಣ್ಣ ರೆಸಿಸ್ಟರ್ ಸೇರಿಸಿ ಕಂಪ್ಯೂಟರಿಗೆ ಮೋಸ ಮಾಡುವುದು ಗೊತ್ತಿದ್ದವರಿಗೆ ಹೊಸದೇನಲ್ಲ. ಎಚ್ಚರಿಕೆಯ ದೀಪ ಆರಿಹೋಗುತ್ತದೆ, ಎಲ್ಲ ಸರಿಯಿದೆ ಅನ್ನುತ್ತದೆ. ಈ ಕೆಲಸದ ಬಗ್ಗೆ ನನಗೆ ತುಂಬ ಸಿಟ್ಟಿದೆ. ಮಾಡಿಸಿಕೊಂಡವನಿಗೆ ತನ್ನ ಮುಂದೆ ಏರ್‌ಬ್ಯಾಗ್ ಇಲ್ಲ ಅನ್ನುವುದು ಗೊತ್ತಿರುತ್ತದೆ. ಅದೇ ಕಾರು ಓಡಿಸುವ ಮನೆಯವರಿಗೆ, ನಾಳೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವವರಿಗೆ ಗೊತ್ತಿರುವುದಿಲ್ಲ.

ಏರ್‌ಬ್ಯಾಗ್ ಇರುವ ಬೇರೆ ವೀಲ್ ಹಾಕಿದರೆ ಸಾಕೇ? ಅದೂ ಸಾಲದು. ಒಂದೇ ಮಾಡೆಲ್‌ನಲ್ಲೂ ವರ್ಷದಿಂದ ವರ್ಷಕ್ಕೆ ಏರ್‌ಬ್ಯಾಗ್ ಬದಲಾಗುತ್ತದೆ. ಕೆಲವು ಒಂದೇ ಹಂತದಲ್ಲಿ ಸಿಡಿಯುತ್ತವೆ, ಕೆಲವು ಡಿಕ್ಕಿಯ ಜೋರು ನೋಡಿಕೊಂಡು ಎರಡು ಹಂತದಲ್ಲಿ. ಕಂಪ್ಯೂಟರ್ ಯಾವುದಕ್ಕೆ ಸಜ್ಜಾಗಿದೆಯೋ ಅದೇ ಬೇಕು. ಗುಜರಿಯಿಂದ ತಂದ ವೀಲ್ ಆದರೆ ಕೇಳುವುದೇ ಬೇಡ. ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಳು (ಏರ್‌ಬ್ಯಾಗ್ ಉಬ್ಬಿಸುವ ಭಾಗ) ಬಿಸಿ ಮತ್ತು ತೇವಕ್ಕೆ ಹಾಳಾಗಿ, ಸಿಡಿದಾಗ ಲೋಹದ ಚೂರುಗಳನ್ನು ಚಾಲಕರ ಮೇಲೆಯೇ ಎಸೆದವು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳನ್ನು ವಾಪಸ್ ಪಡೆಯಬೇಕಾಯಿತು. ಅಂಥ ಕಾರು ಗುಜರಿಗೆ ಹೋಗಿ, ಅದರ ವೀಲ್ ಇನ್ನೊಂದು ಕಾರಿಗೆ ಬಂದರೆ ರಿಕಾಲ್ ಪತ್ರ ಹೊಸ ಮಾಲೀಕನಿಗೆ ತಲುಪುವುದೇ ಇಲ್ಲ. ನಕಲಿ ಏರ್‌ಬ್ಯಾಗ್‌ಗಳೂ ಇವೆ. 2012ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಈ ಬಗ್ಗೆ ಜನರನ್ನು ಎಚ್ಚರಿಸಿತು. ಪರೀಕ್ಷಿಸಿದಾಗ ಅವುಗಳಲ್ಲಿ ಕೆಲವು ಉಬ್ಬಲೇ ಇಲ್ಲ, ಕೆಲವು ಲೋಹದ ಚೂರು ಉಗುಳಿದವು.

ಫೋರ್ಡ್ ರಿಕಾಲ್ ನನ್ನ ಮಾತಿಗೇ ಬಲ ಕೊಡುತ್ತದೆ. ಕಂಪನಿ ತಪ್ಪು ಮಾಡಿದಾಗ ಅದನ್ನು ಹುಡುಕಲು, ಪ್ರತಿಯೊಬ್ಬ ಮಾಲೀಕನಿಗೆ ತಿಳಿಸಲು, ಪುಕ್ಕಟೆಯಾಗಿ ಸರಿಮಾಡಿಕೊಡಲು ಒಂದು ವ್ಯವಸ್ಥೆ ಇತ್ತು. ಗ್ಯಾರೇಜಿನಲ್ಲಿ ಬಿಗಿದ ಬೋಲ್ಟ್ ಸಡಿಲಾದರೆ ಯಾರು ಕರೆಸುತ್ತಾರೆ?

ಇನ್ನು ಏರ್‌ಬ್ಯಾಗ್ ಬಿಟ್ಟು ಬರೀ ವೀಲ್ ಮತ್ತು ಕಂಬದ ವಿಷಯ. ಹಿಂದೆ ಸ್ಟೀರಿಂಗ್ ಕಂಬ ನೆಟ್ಟಗಿನ ಉಕ್ಕಿನ ಸರಳಾಗಿತ್ತು. ಮುಂದಿನಿಂದ ಗುದ್ದಿದರೆ ಅದು ನೇರ ಚಾಲಕನ ಎದೆಗೆ ಬರುತ್ತಿತ್ತು. 1968ರಿಂದ ಅಮೆರಿಕ ಇದಕ್ಕೆ ನಿಯಮ ತಂದಿತು. ಗಂಟೆಗೆ 48 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದಾಗ ಕಂಬ ಚಾಲಕನ ಕಡೆಗೆ 127 ಮಿ.ಮೀ.ಗಿಂತ ಹೆಚ್ಚು ನುಗ್ಗಬಾರದು. ಎದೆಯ ಆಕಾರದ ದಿಮ್ಮಿಯೊಂದು 24 ಕಿ.ಮೀ. ವೇಗದಲ್ಲಿ ವೀಲ್‌ಗೆ ಬಡಿದಾಗ ಅದರ ಮೇಲೆ ಬೀಳುವ ಬಲ 11,120 ನ್ಯೂಟನ್ ದಾಟಬಾರದು. ವಿಶ್ವಸಂಸ್ಥೆಯ 12ನೇ ನಿಯಮವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ವೀಲ್ ಬಾಗಬೇಕು, ಕಂಬ ಕುಸಿಯಬೇಕು, ಎದೆ ಉಳಿಯಬೇಕು. ಚೆಂದದ ಪೆಟ್ಟಿಗೆಯಲ್ಲಿ ಬರುವ ಎಷ್ಟೋ ಅಗ್ಗದ ವೀಲ್‌ಗಳು, ಗಟ್ಟಿ ಲೋಹದ ಬಾಸ್‌ಗಳು ಇಂಥ ಪರೀಕ್ಷೆಯನ್ನು ಕಂಡೇ ಇಲ್ಲ.

ಸಣ್ಣ ವೀಲ್ ಮೋಹಕ್ಕೂ ಒಂದು ಲೆಕ್ಕ ಇದೆ. 380 ಮಿ.ಮೀ. ಅಗಲದ ವೀಲ್ ತೆಗೆದು 320ರದ್ದು ಹಾಕಿದರೆ ಅದೇ ತಿರುವಿಗೆ ಸುಮಾರು ಶೇ. 19ರಷ್ಟು ಜಾಸ್ತಿ ಬಲ ಬೇಕು. ಪವರ್ ಸ್ಟೀರಿಂಗ್ ಇರುವವರೆಗೆ ಇದು ಗೊತ್ತಾಗುವುದಿಲ್ಲ. ತಿರುವಿನ ನಡುವೆ ಎಂಜಿನ್ ಆಫ್ ಆದ ದಿನ ಗೊತ್ತಾಗುತ್ತದೆ.

ಭಾರತದ ಕಾನೂನನ್ನೂ ಅರ್ಧ ಓದಿ ಬಿಡಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 52ನೇ ಸೆಕ್ಷನ್ನಿನ ಬಗ್ಗೆ ತೀರ್ಪು ಕೊಡುವಾಗ ತಯಾರಕರು ಕೊಟ್ಟ ಮೂಲ ವಿವರಕ್ಕೇ ಒತ್ತು ಕೊಟ್ಟಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ 182ಎ ಸೆಕ್ಷನ್ ಬಂತು. ನಿಯಮ ಒಪ್ಪದ ರೀತಿಯಲ್ಲಿ ವಾಹನದ ಬಿಡಿಭಾಗಗಳನ್ನು ಹೊರಗಿನಿಂದ ಸೇರಿಸಿ ಬದಲಿಸಿದರೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಆರ್‌ಸಿಯಲ್ಲಿ ಬರೆದಿಲ್ಲ ಅನ್ನುವ ಕಾರಣಕ್ಕೆ ಕಡ್ಡಾಯವಾದ ಏರ್‌ಬ್ಯಾಗ್ ಕಿತ್ತುಹಾಕಬಹುದು ಅನ್ನುವುದು ನಿಲ್ಲುವ ವಾದವಲ್ಲ. ಬ್ರಿಟನ್‌ನಲ್ಲಂತೂ ಕಾರಿನ ಜೊತೆ ಬಂದ ಏರ್‌ಬ್ಯಾಗ್ ಈಗ ಇಲ್ಲ ಅಂತ ಕಂಡುಬಂದರೆ ಆ ಕಾರು ಎಂಒಟಿ ಎಂಬ ವಾರ್ಷಿಕ ವಾಹನ ತಪಾಸಣೆಯಲ್ಲಿ ಫೇಲ್.

ಕಾನೂನು ಬಿಗಿ ಮಾಡಬೇಕಾದ ಜಾಗ ಇನ್ನೂ ಇದೆ. ಅಮೆರಿಕದ ಫೆಡರಲ್ ಕಾನೂನು ಕಾರಿನ ಸುರಕ್ಷತಾ ಸಾಧನವನ್ನು ಬೇಕಂತಲೇ ಕೆಡಿಸದಂತೆ ತಯಾರಕರನ್ನು, ಡೀಲರ್‌ಗಳನ್ನು, ರಿಪೇರಿ ಅಂಗಡಿಗಳನ್ನು ತಡೆಯುತ್ತದೆ. ಮಾಲೀಕ ತಾನೇ ಮನೆಯಲ್ಲಿ ಮಾಡಿಕೊಂಡರೆ ಆ ಸೆಕ್ಷನ್ ಅವನಿಗೆ ಅನ್ವಯಿಸುವುದಿಲ್ಲ. ಡಿಕ್ಕಿಯಾದಾಗ ಬಿಚ್ಚಿದವರು ಯಾರು ಅನ್ನುವುದರಿಂದ ಪೆಟ್ಟು ಕಡಿಮೆಯಾಗುತ್ತದೆಯೇ? ಈ ಕಿಂಡಿಯನ್ನು ಮುಚ್ಚಬೇಕು. ವೀಲ್ ಹಾಳಾದರೆ ಅದೇ ಪಾರ್ಟ್ ನಂಬರಿನದು, ಇಲ್ಲವೇ ಆ ಕಾರಿಗೆಂದು ತಯಾರಕರೇ ಒಪ್ಪಿದ್ದು ಮಾತ್ರ ಹಾಕುವಂತಿರಬೇಕು. ರೆಸಿಸ್ಟರ್ ಹಾಕಿ ದೀಪ ಆರಿಸಿದವರಿಗೆ, ಅದು ಗೊತ್ತಿದ್ದೂ ಕಾರು ಮಾರಿದವರಿಗೆ ಬರೀ ದಂಡ ಸಾಲದು. ಆ ಕಾರಿನಲ್ಲಿ ಮುಂದೆ ಯಾರಿಗೇ ಪೆಟ್ಟಾದರೂ ಹೊಣೆ ಅವರ ಮೇಲೆ ಬರಬೇಕು.