ಆ ಮೆಟ್ಟಿಲನ್ನು ಕೆಳಗಿಂದ ಹತ್ತಬೇಕು

ನಿಮ್ಮ ಬರಹದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ 16ನೇ ಅವೆನ್ಯೂ ಟೈಲ್ಸ್ ಮೆಟ್ಟಿಲನ್ನು 'ಫೋಟೋಗೆ ಒಳ್ಳೆ ಜಾಗ' ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ನನಗೆ ತುಂಬಾ ಇಷ್ಟವಾದ ಜಾಗ ಅದು, ಹಾಗಾಗಿ ಬೇಜಾರಾಯಿತು.

ಅಲ್ಲಿ 163 ಮೆಟ್ಟಿಲುಗಳಿವೆ. ಅವುಗಳ ಮೇಲೆ ಟೈಲ್ಸ್‌ನಲ್ಲಿ ಮಾಡಿದ ಚಿತ್ರ: ಕೆಳಗೆ ಸಮುದ್ರ, ಮೀನು. ಹತ್ತುತ್ತಾ ಹೋದಂತೆ ನೆಲ, ಹೂವು, ಹಕ್ಕಿ, ಚಂದ್ರ, ನಕ್ಷತ್ರ. ತುದಿಯಲ್ಲಿ ಸೂರ್ಯ. ಐಲೀನ್ ಬಾರ್ ಮತ್ತು ಕೊಲೆಟ್ ಕ್ರಚರ್ ಎಂಬ ಇಬ್ಬರು ಕಲಾವಿದೆಯರು ಅಕ್ಕಪಕ್ಕದ ಮನೆಯವರನ್ನು ಸೇರಿಸಿಕೊಂಡು ಮಾಡಿದ ಕೆಲಸ. 2005ರಲ್ಲಿ ಮುಗಿಯಿತು. ಸ್ವಲ್ಪ ಬಗ್ಗಿ ನೋಡಿದರೆ, ಮೀನು, ಹಕ್ಕಿಗಳ ಆಕಾರದ ಟೈಲ್ಸ್ ಮೇಲೆ ದುಡ್ಡು ಕೊಟ್ಟವರ ಹೆಸರುಗಳು ಕಾಣುತ್ತವೆ. ಯಂತ್ರದಲ್ಲಿ ಬಂದ ಟೈಲ್ಸ್ ಅಲ್ಲ, ಕೈಯಲ್ಲಿ ಮಾಡಿ ಸುಟ್ಟಿದ್ದು.

ಇನ್ನೊಂದು ಮಾತು. ಚಿತ್ರ ಇರುವುದು ಮೆಟ್ಟಿಲಿನ ಎದುರು ಮುಖದಲ್ಲಿ ಮಾತ್ರ. ಮೇಲಿಂದ ಇಳಿದು ಬಂದರೆ ಬರೀ ಸಿಮೆಂಟ್ ಕಾಣುತ್ತದೆ! 16ನೇ ಅವೆನ್ಯೂ ಮತ್ತು ಮೊರಾಗಾ ಬೀದಿ ಸೇರುವ ಕಡೆಯಿಂದ, ಅಂದರೆ ಕೆಳಗಿಂದ, ಹತ್ತಿ. ಪಕ್ಕದಲ್ಲಿ ಅಲ್ಲಿನ ನೆಲದ್ದೇ ಗಿಡಗಳನ್ನು ನೆಟ್ಟಿದ್ದಾರೆ. ಗ್ರೀನ್ ಹೇರ್‌ಸ್ಟ್ರೀಕ್ ಎಂಬ ಪುಟ್ಟ ಹಸಿರು ಚಿಟ್ಟೆಗೆ ಆ ಗಿಡಗಳೇ ಬೇಕು. ಫೋಟೋಗೋಸ್ಕರ ದಯವಿಟ್ಟು ಅವನ್ನು ತುಳಿಯಬೇಡಿ. ಎರಡೂ ಕಡೆ ಜನರ ಮನೆಗಳಿವೆ, ಗಲಾಟೆಯೂ ಬೇಡ, ಅಲ್ವಾ?