ಕೂಸಿಗೆ ಮುಂಚೆ ಕುಲಾವಿ

ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳೋಣ ಎಂದು ಹೊರಟವರು ವಾರ ಕಳೆಯುವಷ್ಟರಲ್ಲಿ ಆಂಪ್ಲಿಫೈಯರ್‌ಗಳ ಪಟ್ಟಿ ಹಿಡಿದು ಕೂತಿರುತ್ತಾರೆ. ಹೆಡ್‌ಫೋನ್ ಯಾವುದೆಂದು ಇನ್ನೂ ಗೊತ್ತಿಲ್ಲ, ಅದನ್ನು ನುಡಿಸುವ ಡಬ್ಬಿ ಮಾತ್ರ ನಿಶ್ಚಯವಾಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ವ್ಯತ್ಯಾಸವೆಂದರೆ ಇಲ್ಲಿ ತಲೆಗೇರುವುದು ಕೂಸು, ಮೇಜಿನ ಮೇಲೆ ಕೂರುವುದು ಕುಲಾವಿ. ಡಬ್ಬಿಗೆ ತಿರುಗಿಸುವ ಗುಂಡಿ ಇದೆ, ಮುಂದೊಂದು ದೀಪ ಇದೆ, ಹಿಂದೆ ನಾಲ್ಕು ತೂತು ಇವೆ. ಆಸೆ ಹುಟ್ಟಲು ಇನ್ನೇನು ಬೇಕು?

ಆದರೆ ಕಿವಿಗೆ ಬೀಳುವ ರುಚಿಯೆಲ್ಲ ಹೆಚ್ಚುಕಡಿಮೆ ಹೆಡ್‌ಫೋನಿನದು. ಆಂಪ್ ಸರಿಯಾಗಿದ್ದರೆ ಅದಕ್ಕೆ ರುಚಿಯೇ ಇರಬಾರದು. ಹತ್ತು ರೂಪಾಯಿ ಇದ್ದರೆ ಎಂಟನ್ನು ತಲೆಯ ಮೇಲಿನದಕ್ಕೆ ಹಾಕಿ, ಉಳಿದ ಎರಡು ಬೇಕೋ ಬೇಡವೋ ಎಂದು ಆಮೇಲೆ ಲೆಕ್ಕ ಹಾಕಿದರಾಯಿತು. ಆ ಲೆಕ್ಕ ನಿಜಕ್ಕೂ ಲೆಕ್ಕವೇ, ಅಭಿಪ್ರಾಯವಲ್ಲ, ಅದಕ್ಕೆ ಬರೋಣ.

ಮೊದಲ ಪ್ರಶ್ನೆ ಕಂಪನಿಯದಲ್ಲ, ಮನೆಯದು. ಬೆನ್ನು ತೆರೆದ ಹೆಡ್‌ಫೋನ್ ಬೇಕೋ ಮುಚ್ಚಿದ್ದೋ? ಸೆನ್‌ಹೈಸರ್ 1968ರಲ್ಲಿ ಎಚ್‌ಡಿ 414 ಎಂಬ ಹಳದಿ ಸ್ಪಂಜಿನ ಹಗುರ ಹೆಡ್‌ಫೋನ್ ತಂದಾಗಿನಿಂದ ತೆರೆದ ಬೆನ್ನಿನದಕ್ಕೆ ಮನೆಯಲ್ಲಿ ಕೂತು ಕೇಳುವವರ ಒಲವು ಹೆಚ್ಚು. ಶಬ್ದ ಬಟ್ಟಲೊಳಗೆ ಸಿಕ್ಕಿಕೊಂಡು ಗುಂಯ್‌ಗುಡುವುದಿಲ್ಲ, ಹಾಡು ತಲೆಯೊಳಗಿಂದಲ್ಲದೆ ಸುತ್ತಲಿಂದ ಬಂದಂತಿರುತ್ತದೆ, ಕಿವಿ ಬೆವರುವುದು ಕಡಿಮೆ. ಆದರೆ ತೆರೆದ ಬಾಗಿಲು ಎರಡೂ ಕಡೆಗೆ ತೆರೆದದ್ದೇ. ನೀವು ಕೇಳುವುದು ಪಕ್ಕದಲ್ಲಿ ಮಲಗಿದವರಿಗೆ ಕೇಳುತ್ತದೆ. ಕುಕ್ಕರಿನ ಸೀಟಿ, ನಡುಮನೆಯ ಟಿವಿ ಧಾರಾವಾಹಿ, ತಲೆಯ ಮೇಲಿನ ಫ್ಯಾನು ನಿಮಗೆ ಕೇಳುತ್ತವೆ. ಮಂಗಳೂರಿನ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ತಂಬೂರಿಯ ಶ್ರುತಿ ಕೇಳುತ್ತೇನೆ ಎನ್ನುವವರು ಋಷಿಗಳೇ ಇರಬೇಕು. ಅದೇ ಮಂಗಳೂರಿನಲ್ಲಿ ಮುಚ್ಚಿದ ಹೆಡ್‌ಫೋನಿನ ಕೃತಕ ಚರ್ಮದ ಪ್ಯಾಡು ಬೆವರು ಕುಡಿದು, ಕೆಲವೇ ವರ್ಷದಲ್ಲಿ ಕಪ್ಪು ಹೊಟ್ಟಾಗಿ ಕಿವಿಯ ಸುತ್ತ ಉದುರುತ್ತದೆ. ಸುಖ ಎರಡರಲ್ಲೂ ಅರ್ಧರ್ಧ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇದ್ದರೆ ತೆರೆದದ್ದು, ಇಲ್ಲದಿದ್ದರೆ ಬೇಯರ್‌ಡೈನಮಿಕ್ ಡಿಟಿ 770 ಪ್ರೊ ಅಥವಾ ಆಡಿಯೊ-ಟೆಕ್ನಿಕಾ ಎಂ50ಎಕ್ಸ್ ಥರದ ಮುಚ್ಚಿದ್ದು. ಬಸ್ಸಿನಲ್ಲಿ ಕೇಳುವವರಿಗೆ ಈ ಚರ್ಚೆಯೇ ಬೇಡ. ಅವರಿಗೆ ಗದ್ದಲ ನುಂಗುವ ಬ್ಲೂಟೂತ್ ಹೆಡ್‌ಫೋನ್ ಸಾಕು, ಅದರ ಆಂಪು ಅದರ ಹೊಟ್ಟೆಯಲ್ಲೇ ಇರುತ್ತದೆ.

ಕನ್ನಡಕದವರು ಇನ್ನೊಂದು ನೋಡಿಕೊಳ್ಳಬೇಕು. ಕನ್ನಡಕದ ಕಡ್ಡಿ ಪ್ಯಾಡಿನಡಿ ಸಣ್ಣ ಸಂದು ಮಾಡುತ್ತದೆ, ಮುಚ್ಚಿದ ಹೆಡ್‌ಫೋನಿನ ಮಂದ್ರವೆಲ್ಲ ಆ ಸಂದಿನಲ್ಲಿ ಸೋರುತ್ತದೆ. ಅಂಗಡಿಯಲ್ಲಿ ಕನ್ನಡಕ ತೆಗೆದು ಕೇಳಿ, ಮನೆಯಲ್ಲಿ ಹಾಕಿಕೊಂಡು ಕೇಳಿ, 'ಮಾಲು ಡೂಪ್ಲಿಕೇಟ್' ಎಂದು ಜಗಳಕ್ಕೆ ಹೋಗುವುದುಂಟು.

ಕೇಳಿ ನೋಡುವ ಅವಕಾಶ ಸಿಕ್ಕರೆ ಅಂಗಡಿಯವನ ಹಾಡು ಬೇಡ, ನಿಮ್ಮದನ್ನು ಒಯ್ಯಿರಿ. ಎರಡು ಹೆಡ್‌ಫೋನ್ ಹೋಲಿಸುವಾಗ ಎರಡರ ಶಬ್ದವೂ ಒಂದೇ ಮಟ್ಟದಲ್ಲಿರಲಿ. ಒಂದೆರಡು ಡೆಸಿಬೆಲ್ ಜೋರಾಗಿರುವುದು 'ಸ್ಪಷ್ಟವಾಗಿದೆ' ಎನಿಸಿಕೊಂಡು ಗೆದ್ದುಬಿಡುತ್ತದೆ. ತಾರಸ್ಥಾಯಿಯನ್ನು ಎತ್ತಿ ತೋರಿಸುವವು ಹತ್ತು ನಿಮಿಷ ಬೆರಗು ಹುಟ್ಟಿಸಿ ಒಂದು ಗಂಟೆಗೆ ತಲೆನೋವು ತರುತ್ತವೆ. ಬೇಯರ್‌ಡೈನಮಿಕ್‌ನದೇ ಡಿಟಿ 990ರ ಮೇಲೆ ಈ ದೂರು ಹಳೆಯದು: 'ಸ' ಮತ್ತು 'ಶ' ಬಂದಲ್ಲೆಲ್ಲ ಗಾಯಕಿ ಸೂಜಿ ಎಸೆಯುತ್ತಾಳೆ.

ನಮ್ಮ ಸಂಗೀತ ಕೇಳುವವರ ಕೈಯಲ್ಲಿ ಒಳ್ಳೆಯ ಒರೆಗಲ್ಲುಗಳಿವೆ. ಮೃದಂಗದ ಬಲಮುಖದ ಕರಣೆಯಿಂದಾಗಿಯೇ (ನಡುವಿನ ಕಪ್ಪು ಲೇಪ) ಅದರ ಉಪಸ್ವರಗಳು ಸ್ವರಬದ್ಧವಾಗಿ ಹೊಂದುತ್ತವೆ ಎಂದು ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದರು. ಆ ಮುಖದ ಪೆಟ್ಟಿನಲ್ಲಿ ಶ್ರುತಿ ಕೇಳಿಸಬೇಕು, ಬರೀ ಟಪ್ ಎಂದಲ್ಲ. ಎಡಮುಖದ ಗುಂಕಿ ಬಲಮುಖದ ಮೇಲೆ ಹರಡಿಕೊಂಡು ಮಬ್ಬು ಮಾಡಿದರೆ ಆ ಹೆಡ್‌ಫೋನಿನಲ್ಲಿ ಮಂದ್ರ ಉಬ್ಬಿದೆ ಎಂದರ್ಥ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ನೂಲೆಳೆಯಿಂದ ಹುಟ್ಟುವ ಝೇಂಕಾರವಿದೆಯಲ್ಲ, ಅದು ಗಾಯಕರ ಹಿಂದೆ ಪರದೆಯಂತೆ ಹಬ್ಬಿರಬೇಕು. ಮುಂದೆ ಬಂದು ಚುರುಗುಟ್ಟಿದರೆ ತಾರದಲ್ಲಿ ಎಲ್ಲೋ ಉಬ್ಬು ಇದೆ.

ಇನ್ನೂ ಉಪಯೋಗದ್ದು ಹಳೆಯ ಮೋನೊ ಧ್ವನಿಮುದ್ರಣ. ಮಲ್ಲಿಕಾರ್ಜುನ ಮನಸೂರರ 78 ಆರ್‌ಪಿಎಂ ತಟ್ಟೆಗಳ ಹಾಡು ಹಾಕಿದರೆ ದನಿ ಹುಬ್ಬುಗಳ ನಡುವೆ ನಿಂತಿರಬೇಕು. ಎಡಕ್ಕೋ ಬಲಕ್ಕೋ ಜಾರಿದರೆ ಹೆಡ್‌ಫೋನನ್ನು ತಿರುವಿ, ಎಡದ್ದು ಬಲಕ್ಕೆ ಬರುವಂತೆ ಹಾಕಿಕೊಳ್ಳಿ. ದನಿ ಆಚೆ ಕಡೆಗೆ ಹೋಯಿತೇ, ದೋಷ ಯಂತ್ರದ್ದು. ಇದ್ದಲ್ಲೇ ಇತ್ತೇ, ಕಿವಿಯ ವೈದ್ಯರನ್ನು ಕಾಣಿ. ಬಹುಶಃ ಗುಗ್ಗೆ, ಹೆಚ್ಚೇನಿರಲಾರದು. ಯಂತ್ರದ್ದೇ ಎಂದಾದರೆ ಆಂಪಿನ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ಏರಿಸಿ ನೋಡಿ. ಗುಂಡಿಯಡಿ ಇರುವ ಅಗ್ಗದ ಪೊಟೆನ್ಶಿಯೋಮೀಟರ್‌ನ ಎಡಬಲದ ಎರಡು ಪಟ್ಟಿಗಳು ತಿರುವಿನ ಮೊದಲ ಭಾಗದಲ್ಲಿ ಒಂದಕ್ಕೊಂದು ಹೊಂದುವುದಿಲ್ಲ, ಗುಂಡಿ ಮೇಲೇರಿದಂತೆ ಸರಿಹೋಗುತ್ತವೆ. ಪರಿಹಾರ ಹೊಸ ಆಂಪಲ್ಲ. ಆಂಪು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ತಿಳಿಸುವ ಗೇನ್ ಸ್ವಿಚ್ಚನ್ನು ಕೆಳಕ್ಕೆ ತಳ್ಳಿ, ಇಲ್ಲವೇ ಕಂಪ್ಯೂಟರಿನ ವಾಲ್ಯೂಮ್ ಇಳಿಸಿ, ಗುಂಡಿಯನ್ನು ನಡುವಿನವರೆಗೆ ತಿರುಗಿಸಿ ಕೇಳಿ.

ಈಗ ಲೆಕ್ಕ. ಡಬ್ಬದ ಮೇಲೆ ಎರಡು ಸಂಖ್ಯೆ ಇರುತ್ತವೆ, ಓಮ್ (ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ) ಮತ್ತು ಡೆಸಿಬೆಲ್ (ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ಎಂಬುದು). ಎಲ್ಲರೂ ಓಮ್ ನೋಡಿ ಹೆದರುತ್ತಾರೆ, ಡೆಸಿಬೆಲ್ ಓದುವುದೇ ಇಲ್ಲ. ಓದುವವರೂ ಅದು 1 ಮಿಲಿವ್ಯಾಟ್‌ಗೋ 1 ವೋಲ್ಟ್‌ಗೋ ಎಂದು ಗಮನಿಸುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 650 ತೆಗೆದುಕೊಳ್ಳಿ: 300 ಓಮ್, 1 ವೋಲ್ಟ್‌ಗೆ 103 ಡೆಸಿಬೆಲ್. ಅದನ್ನೇ 1 ಮಿಲಿವ್ಯಾಟ್‌ಗೆ ಬರೆದರೆ ಸುಮಾರು 98 ಆಗುತ್ತದೆ. ಹೆಡ್‌ಫೋನ್ ಅದೇ, ಐದು ಡೆಸಿಬೆಲ್ ಕಾಗದದ ಮೇಲೆ ಮಾಯ. ಸಾವಿರವನ್ನು ಓಮ್‌ನಿಂದ ಭಾಗಿಸಿ, ಬಂದದ್ದರ ಲಾಗ್ ತೆಗೆದು, ಹತ್ತರಿಂದ ಗುಣಿಸಿ ಮಿಲಿವ್ಯಾಟ್ ಅಂಕಿಗೆ ಕೂಡಿಸಿದರೆ ವೋಲ್ಟ್ ಅಂಕಿ ಸಿಗುತ್ತದೆ. 32 ಓಮ್‌ಗೆ ಕೂಡಿಸಬೇಕಾದದ್ದು 15, 300 ಓಮ್‌ಗೆ 5.

ಎಷ್ಟು ಜೋರು ಬೇಕು? ಹಿತವಾಗಿ ಕೇಳುವಾಗ ಸರಾಸರಿ 70–75 ಡೆಸಿಬೆಲ್ ಧಾರಾಳ. ಸದ್ದಡಗಿದ ಆಲಾಪದಿಂದ ತನಿ ಆವರ್ತನದ ಮುಕ್ತಾಯದವರೆಗೆ ಏರಿಳಿಯುವ ಮುದ್ರಣಗಳಿಗೆ ಕ್ಷಣಿಕ ಏರು 110ರವರೆಗೆ ತಡೆದುಕೊಂಡರೆ ಯಾವ ಚಿಂತೆಯೂ ಇಲ್ಲ. ಎಚ್‌ಡಿ 650ಯಲ್ಲಿ 110 ಮುಟ್ಟಲು 7 ಡೆಸಿಬೆಲ್ ಹೆಚ್ಚು, ಅಂದರೆ 2.24 ವೋಲ್ಟ್ ಬೇಕು. ಶಕ್ತಿ ಬರೀ 17 ಮಿಲಿವ್ಯಾಟ್, ವಿದ್ಯುತ್ ಹರಿವು 8 ಮಿಲಿಆಂಪಿಯರ್ ಕೂಡ ಇಲ್ಲ. ಇತ್ತ ಹೈಫೈಮ್ಯಾನ್ ಎಚ್‌ಇ400ಎಸ್‌ಇ ಎಂಬ ಪ್ಲೇನಾರ್ (ಚಪ್ಪಟೆ ತೆಳುಹಾಳೆ ಕಂಪಿಸಿ ನುಡಿಯುವ) ಹೆಡ್‌ಫೋನ್ 25 ಓಮ್, ನೋಡಲು ಸಾಧು ಪ್ರಾಣಿ. ಆದರೆ 1 ಮಿಲಿವ್ಯಾಟ್‌ಗೆ 91 ಡೆಸಿಬೆಲ್ ಮಾತ್ರ. ಅದೇ 110ಕ್ಕೆ 1.4 ವೋಲ್ಟ್ ಸಾಕು, ಆದರೆ 80 ಮಿಲಿವ್ಯಾಟ್, 56 ಮಿಲಿಆಂಪಿಯರ್ ಕೇಳುತ್ತದೆ. ಒಂದಕ್ಕೆ ವೋಲ್ಟಿನ ಹಸಿವು, ಇನ್ನೊಂದಕ್ಕೆ ಆಂಪಿಯರಿನದು. 'ಓಮ್ ಕಡಿಮೆ ಇದೆ, ಫೋನೇ ಸಾಕು' ಎನ್ನುವುದು ಎಡವುವುದು ಇಲ್ಲೇ.

ಆಪಲ್‌ನ ಯುಎಸ್‌ಬಿ-ಸಿ ಡಾಂಗಲ್, ಆ ಬೆರಳುದ್ದದ ಬಿಳಿ ಬಾಲ, ಸುಮಾರು 1 ವೋಲ್ಟ್ ಕೊಡುತ್ತದೆ. ಯುರೋಪಿನಲ್ಲಿ ಮಾರುವುದು ಅದರ ಅರ್ಧ. ಲೆಕ್ಕದ ಪ್ರಕಾರ ಎಚ್‌ಡಿ 650 ಅದರಲ್ಲಿ 103 ಡೆಸಿಬೆಲ್ ಮುಟ್ಟುತ್ತದೆ; ಸಿನಿಮಾ ಹಾಡಿಗೆ ಸಾಕೋ ಸಾಕು, ಮೆಲುದನಿಯ ಹಳೆಯ ಕಚೇರಿ ಮುದ್ರಣಕ್ಕೆ ಸ್ವಲ್ಪ ಕೊರತೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಅದೇ ಡಾಂಗಲ್ ಪೂರ್ತಿ ಬಾಯಿ ಬಿಡುವುದಿಲ್ಲ, ಅದರೊಳಗಿನ ವಾಲ್ಯೂಮ್ ಕೆಳಗೇ ನಿಂತಿರುತ್ತದೆ. ಲ್ಯಾಪ್‌ಟಾಪಿಗೆ ಹಾಕಿ ನೋಡದೆ ಡಾಂಗಲ್ಲನ್ನು ಬಯ್ಯಬೇಡಿ.

ಆಂಪ್ ಬೇಕೇ ಬೇಕು ಎಂದು ಲೆಕ್ಕ ಹೇಳಿದರೆ ವ್ಯಾಟ್ ಜೊತೆ ಇನ್ನೊಂದು ಅಂಕಿ ನೋಡಬೇಕು, ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಆಂಪಿನ ಹೊರದಾರಿಯಲ್ಲೇ ಇರುವ ತಡೆ. ಹೆಡ್‌ಫೋನಿನ ಓಮ್‌ನ ಎಂಟರಲ್ಲಿ ಒಂದು ಪಾಲಿಗಿಂತ ಅದು ಹೆಚ್ಚಿರಬಾರದು; 32 ಓಮ್‌ನದಕ್ಕೆ 4 ಓಮ್ ಮಿತಿ. ಏಕೆಂದರೆ ಹೆಡ್‌ಫೋನಿನ ಓಮ್ ಎಲ್ಲ ಸ್ಥಾಯಿಯಲ್ಲೂ ಒಂದೇ ಇರುವುದಿಲ್ಲ. 120 ಓಮ್ ಔಟ್‌ಪುಟ್ಟಿನ ಹಳೆಯ ಸ್ಟೀರಿಯೊ ರಿಸೀವರಿಗೆ (ರೇಡಿಯೊ, ಆಂಪ್ ಎರಡೂ ಒಂದೇ ಡಬ್ಬಿಯಲ್ಲಿರುವುದು) 32 ಓಮ್ ಹೆಡ್‌ಫೋನ್ ಸಿಕ್ಕಿಸಿ, ಮಂದ್ರದ ಅನುರಣನದಲ್ಲಿ ಅದು 70ಕ್ಕೆ ಏರುವಂಥದ್ದಾದರೆ, ಅಲ್ಲಿ ಸುಮಾರು 5 ಡೆಸಿಬೆಲ್ ಉಬ್ಬು ಎದ್ದು ಕೂರುತ್ತದೆ. ಅದನ್ನೇ ಕೆಲವರು 'ರಿಸೀವರಿನ ಬೆಚ್ಚಗಿನ ನಾದ' ಎಂದು ಕೊಂಡಾಡುತ್ತಾರೆ. 300 ಓಮ್‌ನ ಎಚ್‌ಡಿ 650ಗೆ ಅದೇ ರಿಸೀವರಿನಲ್ಲಿ ಆಗುವ ವ್ಯತ್ಯಾಸ 1 ಡೆಸಿಬೆಲ್ ಆಸುಪಾಸು. ಈ ಎಂಟನೇ ಒಂದರ ನಿಯಮವನ್ನು ಜನಪ್ರಿಯಗೊಳಿಸಿದ್ದು ಎನ್‌ಡಬ್ಲ್ಯುಎವಿಗೈ ಎಂಬ ಗುಪ್ತನಾಮದ ಎಂಜಿನಿಯರ್. 2011ರಲ್ಲಿ ಆತ ಎರಡು 9 ವೋಲ್ಟ್ ಬ್ಯಾಟರಿಯಲ್ಲಿ ಓಡುವ ಒ2 ಆಂಪಿನ ನಕ್ಷೆಯನ್ನು ಅಳತೆಗಳ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟ. ಮರುವರ್ಷ ಸುಳಿವಿಲ್ಲದೆ ಮೌನವಾದ. ದುಬಾರಿ ಡಬ್ಬಿಗಳ ದೊಡ್ಡ ಮಾತಿಗೆ ಅಷ್ಟು ಚಿಕ್ಕ ಉತ್ತರ ಇನ್ನೊಂದಿಲ್ಲ.

ಆಂಪನ್ನು ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸುವುದು ನಮ್ಮಲ್ಲಿ ರೂಢಿ. ಫೋನ್ ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿರುತ್ತದೆ, ಎಲ್ಲಿ ಬೇಕಾದರೂ ಚುಚ್ಚಬಹುದು. ಆದರೆ ಅಲ್ಲಿನ ಕೆಲವು ಮೇಜಿನ ಆಂಪ್‌ಗಳ ಅಡಾಪ್ಟರ್ ಬರೀ ಟ್ರಾನ್ಸ್‌ಫಾರ್ಮರ್, 120 ವೋಲ್ಟಿನದು. ಬೆಂಗಳೂರಿನ 230ಕ್ಕೆ ಚುಚ್ಚಿದ ಮರುಕ್ಷಣವೇ ವಾಸನೆ ಬರುತ್ತದೆ. ಬದಲಿ ಅಡಾಪ್ಟರ್ ತರಲು ಎಸ್‌ಪಿ ರಸ್ತೆಗೆ ಹೋದವರು ಅದರ ಹೊರಹರಿವು ಎಸಿಯೋ ಡಿಸಿಯೋ ಎಂದು ಕೇಳಲು ಮರೆಯಬಾರದು. ಒ2 ಮತ್ತು ಅದರ ಬಳಗದವಕ್ಕೆ ಬೇಕಾದದ್ದು ಎಸಿ. ಅಂಗಡಿಯವನು ಕೈಗೆ ಕೊಡುವುದು ಬಹುತೇಕ ಡಿಸಿ, ಪಿನ್ನು ಮಾತ್ರ ತಕ್ಕುದಾಗಿ ಕೂರುತ್ತದೆ.

ಗುಂಯ್ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ತಿಂಗ್ ತಂತಿಯಲ್ಲಿ ಸುತ್ತಿಬಳಸಿ ಬಂದ ಸದ್ದು, ಆಂಪಿನ ತಪ್ಪಲ್ಲ. ಫೋನಿನ ಸಣ್ಣ ರಂಧ್ರಕ್ಕೆ 6.35 ಮಿಲಿಮೀಟರಿನ ದಪ್ಪ ಪಿನ್ನಿನ ಗಟ್ಟಿ ಅಡಾಪ್ಟರ್ ತೂಗುಬಿಟ್ಟರೆ ಸಾಕೆಟ್ ಸಡಿಲವಾಗುತ್ತದೆ. ಗೇಣುದ್ದ ತಂತಿಯ ಅಡಾಪ್ಟರ್ ತನ್ನಿ. ಎಡಬಲಕ್ಕೆ ಬೇರೆ ಬೇರೆ ಋಣ ತಂತಿ ಇರುವ ಬ್ಯಾಲೆನ್ಸ್ಡ್ ಔಟ್‌ಪುಟ್ಟನ್ನು ಸಾಮಾನ್ಯ ಮೂರು ಪಟ್ಟಿಯ ಪಿನ್ನಿಗೆ ಇಳಿಸುವ ಅಡಾಪ್ಟರ್ ಮಾತ್ರ ಬೇಡವೇ ಬೇಡ. ಎರಡು ಕಡೆಯ ಋಣ ತಂತಿಗಳು ಒಂದಾಗಿ, ಆಂಪ್ ತನ್ನನ್ನೇ ಶಾರ್ಟ್ ಮಾಡಿಕೊಳ್ಳುತ್ತದೆ.

ಶಕ್ತಿ ಕೈಗೆ ಬಂದ ಮೇಲೆ ಗುಂಡಿ ತಾನಾಗಿ ಮೇಲೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್‌ನಲ್ಲಿ. ಪ್ರತಿ 3 ಡೆಸಿಬೆಲ್‌ಗೆ ಗಂಟೆಗಳು ಅರ್ಧವಾಗುತ್ತವೆ. 89ರಲ್ಲಿ ಉಳಿಯುವುದು ವಾರಕ್ಕೆ 5 ಗಂಟೆ, ಒಂದೆರಡು ಕಚೇರಿ.

ಎಚ್‌ಡಿ 650 ಹೊಸದರಲ್ಲಿ ತಲೆಯನ್ನು ಇಕ್ಕಳದಂತೆ ಹಿಡಿಯುತ್ತದೆ. ತಲೆಯಗಲದ ಪುಸ್ತಕಗಳ ಮೇಲೆ ಒಂದೆರಡು ರಾತ್ರಿ ಹೂಡಿಟ್ಟರೆ ಸಡಿಲುತ್ತದೆ. ಒಂದೆರಡು ವರ್ಷ ಕಳೆದ ಮೇಲೆ 'ಮೊದಲಿನ ಹಾಗೆ ನುಡಿಯುತ್ತಿಲ್ಲ' ಎಂಬ ಅನುಮಾನ ಬಂದು ಜನ ಮತ್ತೆ ಆಂಪ್ ಹುಡುಕುತ್ತಾರೆ. ಮೊದಲು ಪ್ಯಾಡು ಒತ್ತಿ ನೋಡಬೇಕು. ವೆಲೂರ್ ಎಂಬ ಮಖಮಲ್ಲಿನಂಥ ಬಟ್ಟೆಯ ಪ್ಯಾಡು ಚಪ್ಪಟೆಯಾಗಿ, ಕಿವಿ ಒಳಗಿನ ಸ್ಪಂಜಿಗೆ ತಗಲುತ್ತಿದ್ದರೆ ನಾದ ಬದಲಾಗಿಯೇ ಇರುತ್ತದೆ. ಹೊಸ ಜೋಡಿ ತರಿಸಿ, ಕಂಪನಿಯದೇ ಆಗಲಿ. ಅದೇ ಆಕಾರದ ಅಗ್ಗದವು ದಪ್ಪದಲ್ಲಿ ಎರಡು ಮಿಲಿಮೀಟರ್ ಆಚೀಚೆಯಾದರೂ ತಾರಸ್ಥಾಯಿ ಬೇರೆಯಾಗುತ್ತದೆ. ಹಾಕುವಾಗ ಸುತ್ತಲಿನ ಕೊಂಡಿಗಳು ಟಕ್ ಟಕ್ ಎಂದು ಕೂತವೇ ನೋಡಿಕೊಳ್ಳಿ. ಒಂದು ಕೂರದಿದ್ದರೂ ಆ ಬದಿ ಸೋರುತ್ತದೆ.